ಕಪಾಟಿನ ಪಿನ್ ರಂಧ್ರಗಳು ನಾಲ್ಕೂ ಕಡೆ ಒಂದೇ ಮಟ್ಟಕ್ಕೆ ಬರಲು ಟೆಂಪ್ಲೇಟನ್ನು ಹೇಗೆ ಮಾಡಿಕೊಳ್ಳಬೇಕು?

ಮುಂಬೈ ಪಕ್ಕದ ಠಾಣೆ ಊರಿನ ಮನೆಗೆ ಪುಸ್ತಕದ ಕಪಾಟು ಮಾಡುತ್ತಿರುವ ನೀವು, ಪ್ರತಿಯೊಂದು ರಂಧ್ರವನ್ನೂ ಅಳೆದು ಕೊರೆದರೂ ಅಡ್ಡಹಲಗೆ ನಾಲ್ಕು ಪಿನ್‌ಗಳ ಮೇಲೆ ಸರಿಯಾಗಿ ಕೂರದೆ ಕುಂಟುತ್ತಿದೆ ಎಂದು ಬರೆದಿದ್ದೀರಿ. ಪುಣೆಯಲ್ಲಿ ಹವ್ಯಾಸಕ್ಕೆಂದು ಮರಗೆಲಸ ಮಾಡುವ ನನ್ನ ಅಭಿಪ್ರಾಯದಲ್ಲಿ, ಇಲ್ಲಿ ಅಳತೆಯ ಸೂಕ್ಷ್ಮತೆಗಿಂತ ಮುಖ್ಯವಾದದ್ದು ನಾಲ್ಕೂ ಸಾಲುಗಳನ್ನು ಒಂದೇ ಟೆಂಪ್ಲೇಟಿನಿಂದ (ರಂಧ್ರಗಳನ್ನು ಮೊದಲೇ ಕೊರೆದಿಟ್ಟ ಮಾದರಿ ಪಟ್ಟಿಯಿಂದ), ಅದರ ಒಂದೇ ತುದಿಯನ್ನು ಕೆಳಗಿಟ್ಟುಕೊಂಡು ಕೊರೆಯುವುದು. ಟೆಂಪ್ಲೇಟಿನ ಮೂರನೆಯ ರಂಧ್ರ ಅರ್ಧ ಮಿಲಿಮೀಟರ್ ಮೇಲಕ್ಕೆ ಸರಿದಿದ್ದರೆ ನಾಲ್ಕೂ ಕಡೆ ಅಷ್ಟೇ ಸರಿದಿರುತ್ತದೆ. ಹಲಗೆ ಮಟ್ಟವಾಗಿಯೇ ಕೂರುತ್ತದೆ.

ಒಂದು ರಂಧ್ರದ ನಡುವಿನಿಂದ ಮುಂದಿನದರ ನಡುವಿಗೆ ಅಂತರವನ್ನು 32 ಮಿಲಿಮೀಟರ್, ರಂಧ್ರದ ವ್ಯಾಸವನ್ನು 5 ಮಿಲಿಮೀಟರ್, ಮುಂದಿನ ಅಂಚಿನಿಂದ ರಂಧ್ರದ ನಡುವಿನವರೆಗೆ 37 ಮಿಲಿಮೀಟರ್ ಇಟ್ಟುಕೊಂಡರೆ ಯುರೋಪಿನ ಕಪಾಟು ತಯಾರಕರ ಪದ್ಧತಿಗೆ ಹೊಂದುತ್ತದೆ, ಮುಂದೆ ಬಾಗಿಲು ಕೂರಿಸುವಾಗ ಅದೇ ಪದ್ಧತಿಯ ಕೀಲುಗಳಿಗೂ ಅನುಕೂಲವಾಗುತ್ತದೆ. ಬರೀ ಪುಸ್ತಕಕ್ಕಾದರೆ 50 ಮಿಲಿಮೀಟರ್ ಅಂತರವೂ ಸಾಕು.

ಟೆಂಪ್ಲೇಟಿಗೆ 12 ಮಿಲಿಮೀಟರ್ ಪ್ಲೈವುಡ್ಡಿನ ನೇರವಾದ ಪಟ್ಟಿ ಸಾಕು, ಅದಕ್ಕಿಂತ ತೆಳುವಾದದ್ದು ಡ್ರಿಲ್ಲಿನ ಬಿಟ್ಟನ್ನು (ಕೊರೆಯುವ ಕಡ್ಡಿಯನ್ನು) ನೆಟ್ಟಗೆ ಹಿಡಿಯುವುದಿಲ್ಲ. ಅದರ ಮೇಲೆ ಗುರುತು ಮಾಡುವಾಗ ಒಂದು ರಂಧ್ರದಿಂದ ಮುಂದಿನದಕ್ಕೆ ಅಳೆಯುತ್ತ ಹೋಗಬೇಡಿ. ಪ್ರತಿ ಸಲವೂ ಅರ್ಧ ಮಿಲಿಮೀಟರ್ ಒಂದೇ ಕಡೆಗೆ ತಪ್ಪಿದರೆ ಹತ್ತನೆಯ ಅಂತರ ಮುಗಿಯುವಷ್ಟರಲ್ಲಿ 5 ಮಿಲಿಮೀಟರ್ ವ್ಯತ್ಯಾಸ ಕೂಡಿಕೊಂಡಿರುತ್ತದೆ. ಉಕ್ಕಿನ ಸ್ಕೇಲನ್ನು ಒಮ್ಮೆ ಇಟ್ಟು, ಅಲುಗಿಸದೆ, 32, 64, 96 ಎಂದು ಎಲ್ಲವನ್ನೂ ಒಂದೇ ತುದಿಯಿಂದ ಗುರುತಿಸಿ, ದಬ್ಬಳದ ಮೊನೆಯಿಂದ ಸಣ್ಣ ಕುಳಿ ಮಾಡಿಕೊಂಡು, ಸಾಧ್ಯವಾದರೆ ಪರಿಚಯದ ವರ್ಕ್‌ಶಾಪಿನ ಡ್ರಿಲ್ ಪ್ರೆಸ್‌ನಲ್ಲಿ (ನೆಟ್ಟಗೆ ಕೆಳಗಿಳಿದು ಕೊರೆಯುವ, ಸ್ಟ್ಯಾಂಡಿನ ಯಂತ್ರದಲ್ಲಿ) ಕೊರೆಸಿಕೊಳ್ಳಿ.

ಪಟ್ಟಿಯ ಉದ್ದದ ಅಂಚಿಗೆ ಒಂದು ರೀಪನ್ನು ಎರಡೂ ಮುಖಗಳಿಗೆ ಚಾಚುವಂತೆ ಅಂಟಿಸಿ ಸ್ಕ್ರೂ ಹಾಕಬೇಕು. ಕೆಳತುದಿಗೂ ಹಾಗೆಯೇ ಒಂದು ತಡೆ ಇರಲಿ. ಎಡ ಮತ್ತು ಬಲ ಪಕ್ಕದ ಹಲಗೆಗಳು ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವುದರಿಂದ ಟೆಂಪ್ಲೇಟನ್ನು ಮಗುಚಿ ಹಾಕಬೇಕಾಗುತ್ತದೆ. ಆಗ ರೀಪು ಒಂದೇ ಮುಖದಲ್ಲಿದ್ದರೆ ಅಂಚಿಗೆ ಒತ್ತಿ ನಿಲ್ಲಿಸಲು ಆಗದು, ಆಗ ಮೇಲಿನ ತುದಿಯನ್ನು ಕೆಳಗೆ ಮಾಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ‘ಕೆಳಗೆ’ ಎಂದು ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಕ್ಲ್ಯಾಂಪ್ ಬಿಗಿದು ಮೊದಲ ರಂಧ್ರ ಕೊರೆದ ಮೇಲೆ, ಟೆಂಪ್ಲೇಟಿನ ಮೂಲಕ ಅದರೊಳಗೆ 5 ಮಿಲಿಮೀಟರ್ ದಪ್ಪದ ಕಂಬಿಯೊಂದನ್ನು ಇಳಿಸಿದರೆ ಪಟ್ಟಿ ಕದಲುವುದಿಲ್ಲ. ಪಕ್ಕದ ಹಲಗೆ 18 ಮಿಲಿಮೀಟರ್ ಇದ್ದರೆ ರಂಧ್ರದ ಆಳ 10 ಮಿಲಿಮೀಟರ್ ಇರಲಿ. ಟೆಂಪ್ಲೇಟಿನ ದಪ್ಪವನ್ನೂ ಸೇರಿಸಿ ಬಿಟ್ಟಿನ ತುದಿಯಿಂದ 22 ಮಿಲಿಮೀಟರಿಗೆ ಟೇಪು ಸುತ್ತಿಕೊಳ್ಳಿ.

ಒಂದೇ ಕಪಾಟಿಗೆ ಪ್ಲೈವುಡ್ ಟೆಂಪ್ಲೇಟ್ ಧಾರಾಳವಾಯಿತು. ಪದೇ ಪದೇ ಬಳಸುವುದಾದರೆ ಬಿಟ್ ಉಜ್ಜಿ ರಂಧ್ರಗಳು ಅಗಲವಾಗುತ್ತವೆ, ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಪಟ್ಟಿ ಸೊಟ್ಟಗಾಗುವುದೂ ಉಂಟು. ಅಂಥ ಕೆಲಸಕ್ಕೆ ದಪ್ಪ ಅಲ್ಯೂಮಿನಿಯಂ ಪಟ್ಟಿಯಲ್ಲೇ ಕೊರೆಸಿಕೊಳ್ಳುವುದು ಒಳ್ಳೆಯದು.