ಕೊಲ್ವಾ ಬೀಚಿನ ಟಾರು ಉಂಡೆ ಯಾವ ಹಡಗಿನದು?

ಗೋವಾದ ಕೊಲ್ವಾದಲ್ಲಿ ಕಾಲಿಗೆ ಮೆತ್ತಿದ ಟಾರು ಯಾವ ಹಡಗಿನದು ಅಂತ ಕಂಪ್ಯೂಟರ್ ಹೇಳುತ್ತಾ ಎಂದು ಕೇಳಿದ್ದೀರಿ. ಬಂದ ದಿಕ್ಕು ಹೇಳುತ್ತದೆ, ಹಡಗಿನ ಹೆಸರು ಹೇಳುವುದಿಲ್ಲ. (ಕಾಲಿಗೆ ಸೀಮೆಎಣ್ಣೆ ಬೇಡ, ಕೊಬ್ಬರಿ ಎಣ್ಣೆ ಸಾಕು.)

ಸಮುದ್ರಕ್ಕೆ ಚೆಲ್ಲಿದ ಎಣ್ಣೆಯೇ ಹೀಗೆ ಟಾರಾಗುವುದು. ಅದು ಎತ್ತ ಸಾಗುತ್ತದೆ ಅಂತ ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕುವುದು ಸುಲಭ. ಎಣ್ಣೆ ನೀರಿನ ಹರಿವಿನ ಜೊತೆ ಹೋಗುತ್ತದೆ, ಅದಕ್ಕೆ ಗಾಳಿಯ ವೇಗದ ಸುಮಾರು 3% ಸೇರಿಸುತ್ತಾರೆ. ಅಂದರೆ ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ, ಗಾಳಿಯೊಂದೇ ಅದನ್ನು ದಿನಕ್ಕೆ 20 ಕಿ.ಮೀ.ಗಿಂತ ಜಾಸ್ತಿ ತಳ್ಳುತ್ತದೆ. ಮಳೆಗಾಲಕ್ಕೆ ಮುಂಚೆ ಪಶ್ಚಿಮದ ಗಾಳಿ ಜೋರಾದಾಗ ಗೋವಾಕ್ಕೆ ಇದು ಬರುವುದು ಹೀಗೇ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್ ಇಂಥ ಮುನ್ಸೂಚನೆ ಕೊಡುತ್ತದೆ.

ಕಷ್ಟ ಇರುವುದು ಎಣ್ಣೆ ಬದಲಾಗುವುದರಲ್ಲಿ. ಹಗುರ ಭಾಗ ಮೊದಲ ಒಂದೆರಡು ದಿನದಲ್ಲೇ ಆವಿಯಾಗುತ್ತದೆ. ಆಮೇಲೆ ಅಲೆಗಳು ಉಳಿದದ್ದಕ್ಕೆ ನೀರು ಬೆರೆಸುತ್ತವೆ. ಕೆಲವು ಎಣ್ಣೆಗಳಲ್ಲಿ ನೀರಿನ ಪಾಲು 70% ಮುಟ್ಟುತ್ತದೆ. ಆಗ ಚೆಲ್ಲಿದ್ದಕ್ಕಿಂತ ಮೂರು ಪಟ್ಟು ಗಾತ್ರದ ಕಂದು ಲೋಳೆ! ಅದೇ ಒಡೆದು, ಗಟ್ಟಿಯಾಗಿ ಉಂಡೆಯಾಗುವುದು.

ಕಂಪ್ಯೂಟರ್ ಮಾದರಿಯನ್ನು ಹಿಂದಕ್ಕೂ ಓಡಿಸಬಹುದು. ಎಣ್ಣೆಯ ಬದಲು ಸಾವಿರಾರು ಚುಕ್ಕಿಗಳನ್ನು ಮಾದರಿಯ ದಡದಲ್ಲಿಟ್ಟು ದಿನಗಳನ್ನು ಹಿಂದೆ ತಿರುಗಿಸುತ್ತಾರೆ. ಆದರೆ ಹಿಂದೆ ಹೋದಷ್ಟೂ ಚುಕ್ಕಿಗಳು ಚದುರುತ್ತವೆ, ಸಿಗುವುದು ಒಂದು ಜಾಗ ಅಲ್ಲ, ದೊಡ್ಡ ಪ್ರದೇಶ. ಅಲ್ಲಿ ಆಗ ಓಡಾಡಿದ ಹಡಗುಗಳು ಹತ್ತಾರು ಇರಬಹುದು, ಅಲ್ವಾ? ಎಣ್ಣೆಯ ರಾಸಾಯನಿಕ ಗುರುತನ್ನು ಹಡಗಿನಿಂದ ತೆಗೆದ ಎಣ್ಣೆಯ ಜೊತೆ ಲ್ಯಾಬಿನಲ್ಲಿ ಹೋಲಿಸಿದರಷ್ಟೇ ಗಟ್ಟಿ ಸಾಕ್ಷಿ. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ (ಎನ್‌ಐಒ) ವಿಜ್ಞಾನಿಗಳು ಈ ಉಂಡೆಗಳ ಮೇಲೆ ಇಂಥ ಕೆಲಸ ಮಾಡಿದ್ದಾರೆ. ಉಂಡೆ ಎತ್ತಿಡುವುದಾದರೆ ಪ್ಲಾಸ್ಟಿಕ್ಕಿನಲ್ಲಿ ಬೇಡ, ಗಾಜಿನ ಬಾಟಲಿಯಲ್ಲಿಟ್ಟು ತಾರೀಖು ಬರೆಯಿರಿ.