ಲಿಂಕು ಊರಿಗೆ ಕಳಿಸೋ ಮೊದಲು

ತಮ್ಮಾ, ಚಿಕ್ಕಬಳ್ಳಾಪುರದೋನು ಅಂದ್ಯಲ್ಲ, ಚಿಂತಾಮಣಿ ಕಡೆಯೋನಾಗಿ ಸುಮ್ಮನಿರೋಕಾಗುತ್ತಾ? ಲಂಡನ್‌ಗೆ ಬಂದು ಐದು ತಿಂಗಳು, ಕ್ಯಾನ್ಸರ್ ಸಂಸ್ಥೆಯೊಂದರ ಕಡೆಯಿಂದ ಏಪ್ರಿಲ್ ಮ್ಯಾರಥಾನ್‌ಗೆ ಜಾಗ ಸಿಕ್ಕಿದೆ, 2,000 ಪೌಂಡ್ ಕೂಡಿಸಿ ಕೊಡಬೇಕು. ಗುರುತಿಲ್ಲದೋರ ಹತ್ರ ದುಡ್ಡು ಹೇಗೆ ಕೇಳೋದು, ಶೂ ಯಾವುದು, ದುಡ್ಡು ಕೂಡಿಸೋ ವೆಬ್ ಪೇಜಿನ ಲಿಂಕು ಊರಿನೋರಿಗೂ ಕಳಿಸ್ಲಾ ಅಂತ ಕೇಳಿದ್ದೀಯ.

ಶೂ ಅಂಗಡಿಯೋರೇ ಹೇಳ್ತಾರೆ, ಅರ್ಧ ಸೈಜು ದೊಡ್ಡದು ತಗೋ. ಚಳಿ ರೂಢಿಯಾಗುತ್ತೆ. ನಾನು 2012ರ ಜನವರಿಲಿ ಇಳಿದಾಗ ತಲೆಗೆ ಮಂಕಿಟೋಪಿ, ಬ್ಯಾಗಲ್ಲಿ ರಾಗಿಹಿಟ್ಟು. ಈಗ ನೋಡು, ಅರ್ಧ ಚಡ್ಡೀಲಿ ಓಡ್ತೀನಿ. ನಂದಿಬೆಟ್ಟದ ರಸ್ತೆ ಹತ್ತಿದ ಕಾಲಿಗೆ ಇಲ್ಲಿನ ದಾರಿ ಅಂಗಳ ಇದ್ದಂಗೆ. ಆದ್ರೆ ಗ್ರೀನಿಚ್ ಕಡೆಯಿಂದ ಮೊದಲ ಐದು ಕಿಲೋಮೀಟರ್ ಇಳಿಜಾರು, ಅಲ್ಲೇ ಎಲ್ಲರೂ ಜೋರು ಮಾಡಿ ಕೆಡೋದು. ಟವರ್ ಬ್ರಿಡ್ಜ್ ದಾಟುವಾಗ್ಲೂ ಅರ್ಧ ಆಗಿರಲ್ಲ, ನೆನಪಿಟ್ಕೋ.

ದುಡ್ಡು ಕೇಳೋದು ಇಲ್ಲಿ ನಾಚಿಕೆ ವಿಷಯ ಅಲ್ಲ. ಗಣಪತಿ ಚಂದಾ ಪುಸ್ತಕ ಹಿಡ್ಕೊಂಡು ಬಂದ ಹುಡುಗರನ್ನ ನಾವು ಭಿಕ್ಷುಕರು ಅಂತೀವಾ? ಮೊದಲು ನೀನೇ 20 ಪೌಂಡ್ ಹಾಕು. ಆಮೇಲೆ ಆಫೀಸಲ್ಲಿ ಕೈ ಧಾರಾಳ ಇರೋರ ಹತ್ರ ಕೇಳು. ಮದುವೆ ಮನೇಲಿ ಮುಯ್ಯಿ ಬರೆಸೋರು ಮೇಲಿನ ಸಾಲು ನೋಡ್ಕೊಂಡು ಬರೆಸ್ತಾರಲ್ಲ, ಇಲ್ಲೂ ಅದೇ ಬುದ್ಧಿ. ಗಿಫ್ಟ್ ಏಡ್‌ಗೆ ಟಿಕ್ ಹಾಕ್ಸು: ಇಲ್ಲಿ ತೆರಿಗೆ ಕಟ್ಟೋರು 10 ಪೌಂಡ್ ಕೊಟ್ರೆ ಸರ್ಕಾರದಿಂದ ಸಂಸ್ಥೆಗೆ ಇನ್ನೂ 2.50 ಸೇರುತ್ತೆ. ನಿನ್ನ 2,000ಕ್ಕೆ ಅದನ್ನ ಲೆಕ್ಕ ಹಿಡೀತಾರೋ ಇಲ್ವೋ ಕರಾರಲ್ಲಿ ಓದ್ಕೋ. ನಾನು ಶುಕ್ರವಾರ ನಿಪ್ಪಟ್ಟು ಕರಿದು ಒಯ್ತಿದ್ದೆ, ಒಂದಕ್ಕೆ ಒಂದು ಪೌಂಡ್! ಊರಲ್ಲಿ ಹೇಳಿದ್ರೆ ನಗ್ತಾರೆ.

ಇನ್ನು ಲಿಂಕು. ನಾನು ಓಡಿದ್ದು 2014ರಲ್ಲಿ. ‘ಯಾಕೆ ಓಡ್ತಿದ್ದೀರಿ’ ಅಂತ ಪೇಜಲ್ಲಿ ಒಂದು ಕಾಲಂ. ಖಾಲಿ ಬಿಟ್ರೆ ಯಾರೂ ಕೊಡಲ್ಲ ಅಂದ ಪಕ್ಕದ ಟೇಬಲ್‌ನೋನು. ಅಮ್ಮನ ಕತೆ ಬರೆದೆ. ಎದೆಯಲ್ಲಿ ಗಂಟು, ಕಿದ್ವಾಯಿಲಿ ಆಪರೇಷನ್, ತಲೆಗೆ ಟವಲ್ ಸುತ್ಕೊಂಡು ಚಿಂತಾಮಣಿ ಬಸ್ಸಲ್ಲಿ ವಾಂತಿ ತಡ್ಕೊಂಡು ಬರ್ತಿದ್ದದ್ದು. ಫೋಟೋನೂ ಹಾಕಿದೆ. ಎರಡು ದಿನಕ್ಕೆ 600 ಪೌಂಡ್ ಬಂತು. ಅದೇ ಜಂಬದಲ್ಲಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಟ್ಟೆ.

ಅಮ್ಮ ಊರಿಗೆಲ್ಲ ಗರ್ಭಕೋಶ ತೆಗೆಸಿದ್ದು ಅಂತ ಹೇಳಿದ್ಲು. ಯಾಕೆ ಅಂತ ನಿಂಗೆ ಬಿಡಿಸಿ ಹೇಳಬೇಕಾಗಿಲ್ಲ. ವಾರದೊಳಗೆ, ಡೈರೀಲಿ ಹಾಲು ಹಾಕೋಕೆ ನಿಂತ್ರೆ ಹೆಂಗಸರ ಕಣ್ಣು ಮುಖಕ್ಕಿಂತ ಮೊದಲು ಸೆರಗಿಗೆ ಹೋಗ್ತಿತ್ತಂತೆ. ಡೈರಿಗೆ ಹೋಗೋದೇ ಬಿಟ್ಲು, ಪಕ್ಕದ ಮನೆ ಹುಡುಗನ ಕೈಲಿ ಕ್ಯಾನು ಕಳಿಸ್ತಿದ್ಲು. ಇದೆಲ್ಲ ತಂಗಿ ಹೇಳಿದ್ದು. ಅಮ್ಮ ಫೋನಲ್ಲಿ ಕೇಳಿದ್ದು ಒಂದೇ: “ದುಡ್ಡು ಬೇಕಿದ್ರೆ ನನ್ನ ಬಳೆ ಇದ್ವಲ್ಲೋ, ಕೇಳಬಾರದಿತ್ತಾ?”

ದುಡ್ಡು ನಂಗಲ್ಲಮ್ಮ ಅಂತ ಹೇಳೋಕೂ ಬಾಯಿ ಬರ್ಲಿಲ್ಲ. ಪೇಜಿಂದ ಎಲ್ಲಾ ಅಳಿಸಿದೆ, ನೆಂಟರ ಫೋನಲ್ಲಿದ್ದದ್ದು ಅಲ್ಲೇ ಉಳೀತು. ಪದಕ ಊರಿಗೆ ತಗೊಂಡು ಹೋದೆ. ಅಮ್ಮ ಕೈಯಲ್ಲಿ ಹಿಡಿದು ತೂಕ ನೋಡಿ ಅಕ್ಕಿ ಡಬ್ಬದೊಳಗಿಟ್ಲು. ಗೋಡೆಗೆ ಹಾಕಿದ್ರೆ ಬಂದೋರು ಏನಕ್ಕೆ ಕೊಟ್ಟಿದ್ದು ಅಂತ ಕೇಳ್ತಾರಲ್ಲ. ಈಗ್ಲೂ ಅಲ್ಲೇ ಇದೆ.

ನೀನು ನಿಮ್ಮ ಚಿಕ್ಕಪ್ಪನ ಸಲುವಾಗಿ ಓಡ್ತೀನಿ ಅಂದಿದ್ದೀಯ. ಚಿಕ್ಕಪ್ಪಂಗೇ ಫೋನ್ ಮಾಡಿ ಕೇಳು, ಚಿಕ್ಕಮ್ಮನ್ನೂ ಕೇಳು. ಬೇಡ ಅಂದ್ರೆ ‘ನಮ್ಮ ಮನೆಯೋರಿಗಾಗಿ’ ಅಂತಷ್ಟೇ ಬರಿ, ಆ 600 ನಿಪ್ಪಟ್ಟಲ್ಲಿ ದುಡಿಯೋಣ, ಕರಿಯೋಕೆ ನಾನೂ ಬರ್ತೀನಿ. ಭಾನುವಾರ ಗ್ರೀನಿಚ್ ಪಾರ್ಕ್ ಗೇಟ್ ಹತ್ರ ಏಳಕ್ಕೆ ಬಾ. ಮನೇಲಿ ಮುದ್ದೆ, ಹುರಳಿಕಾಳು ಬಸ್ಸಾರು. ಓಡಿ ಆದ್ಮೇಲೆ ಕಣಪ್ಪ, ಮೊದಲಲ್ಲ.