ಓದುಗರ ಪ್ರಶ್ನೆ: ಬೆಂಗಳೂರಿನ ವರ್ತುಲ ರೈಲು ಯಾರಿಗೆ, ಎಲ್ಲಿ, ಹೇಗೆ?

ವರ್ತುಲ ರೈಲಿನ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಪತ್ರಗಳು ರಾಶಿ ಬಿದ್ದಿವೆ. ಒಂದೇ ಥರದವನ್ನು ಒಟ್ಟು ಮಾಡಿ, ಆರಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನಿರುವುದು ನಾಗರಬಾವಿ, ಕೆಲಸ ಬೆಳ್ಳಂದೂರಿನಲ್ಲಿ. ಹೋಗಿ ಬರುವುದಕ್ಕೇ ದಿನಕ್ಕೆ ನಾಲ್ಕು ಗಂಟೆ ಹೋಗುತ್ತದೆ. ಊರಿನ ಸುತ್ತ 287 ಕಿಲೋಮೀಟರ್ ರೈಲು ಬರುತ್ತದಂತೆ. ಅದು ಬಂದರೆ ನನಗೆ ಅನುಕೂಲ ಆಗುತ್ತಾ? (ಖಾಸಗಿ ಕಂಪನಿ ಉದ್ಯೋಗಿ, ಬೆಂಗಳೂರು)

ಮೇಡಂ, ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಬಂದಿರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಗೊಂದಲದಲ್ಲಿವೆ. ಬೆಂಗಳೂರಿನಲ್ಲಿ ವರ್ತುಲ ಅಂತ ಮಾತಾಡುವಾಗ ಎರಡು ಬೇರೆ ಬೇರೆ ವರ್ತುಲ ಇವೆ. ಒಂದು ರೈಲ್ವೆಯವರು ಸಮೀಕ್ಷೆಗೆ ಎತ್ತಿಕೊಂಡ 287 ಕಿ.ಮೀ. ಉದ್ದದ್ದು. ಅದು ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು ಹೀಗೆ ಊರಿನ ಹೊರಗೆ ಸುತ್ತಿ ಮತ್ತೆ ನಿಡವಂದಕ್ಕೇ ಬರುತ್ತದೆ. ನಿಮ್ಮ ಮನೆಯಿಂದ ನೋಡಿದರೆ ಅದು ಬೇರೆ ತಾಲ್ಲೂಕು. ನಿಮ್ಮ ಆಫೀಸಿನ ದಾರಿಗೆ ಅದು ನೇರವಾಗಿ ಬರುವುದೇ ಇಲ್ಲ.

ನಿಮಗೆ ಬೇಕಾದ ವರ್ತುಲ ಊರಿನ ಒಳಗೇ ಇದೆ, ಹೊರ ವರ್ತುಲ ರಸ್ತೆಯ ಮೇಲೆ. ಅದಕ್ಕೆ ಯಾರೂ ವರ್ತುಲ ರೈಲು ಅಂತ ಹೆಸರಿಟ್ಟಿಲ್ಲ, ಆದರೆ ನಕ್ಷೆ ಹರಡಿಕೊಂಡು ಕೂತರೆ ಕಾಣುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ 58 ಕಿ.ಮೀ. ಉದ್ದದ ಮೆಟ್ರೋ ನೀಲಿ ಮಾರ್ಗ ಪೂರ್ವದ ಅರ್ಧವನ್ನು ಸುತ್ತುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ ಕಿತ್ತಳೆ ಮಾರ್ಗ ಜೆ.ಪಿ. ನಗರ 4ನೇ ಹಂತದಿಂದ ಮೈಸೂರು ರಸ್ತೆ, ನಾಗರಬಾವಿ, ಸುಮನಹಳ್ಳಿ, ಪೀಣ್ಯ, ಹೆಬ್ಬಾಳದ ಮೂಲಕ ಕೆಂಪಾಪುರಕ್ಕೆ ಬರುತ್ತದೆ, 32 ಕಿ.ಮೀ. ಕೆಂಪಾಪುರದಲ್ಲಿ ಎರಡೂ ಸೇರುತ್ತವೆ. ದಕ್ಷಿಣದಲ್ಲಿ ಮಾತ್ರ ಒಂದು ಸಂದು ಉಳಿಯುತ್ತದೆ.

ನಿಮ್ಮ ಪಾಡು ಇರುವುದು ಆ ಸಂದಿನಲ್ಲಿ. ನಾಗರಬಾವಿಯಿಂದ ಬೆಳ್ಳಂದೂರಿಗೆ ದಕ್ಷಿಣದ ದಾರಿ ಹತ್ತಿರ, ಆದರೆ ಜೆ.ಪಿ. ನಗರದಲ್ಲಿ ಇಳಿದು ಗುಲಾಬಿ ಮಾರ್ಗ ಹತ್ತಬೇಕು, ಜಯದೇವದಲ್ಲಿ ಇಳಿದು ಹಳದಿ ಹತ್ತಬೇಕು, ಸಿಲ್ಕ್ ಬೋರ್ಡಿನಲ್ಲಿ ಇಳಿದು ನೀಲಿ ಹತ್ತಬೇಕು. ಮೂರು ಬದಲಾವಣೆ. ಉತ್ತರದ ದಾರಿ ದೂರ, ಆದರೆ ಕೆಂಪಾಪುರದಲ್ಲಿ ಒಂದೇ ಬದಲಾವಣೆ. ಯಾವುದು ಬೇಗ ಅನ್ನುವುದನ್ನು ರೈಲಿನ ವೇಗ ಅಷ್ಟಾಗಿ ತೀರ್ಮಾನ ಮಾಡುವುದಿಲ್ಲ. ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಹೋಗಲು ಎರಡು ನಿಮಿಷ ಬೇಕಾ ಹತ್ತು ನಿಮಿಷ ಬೇಕಾ, ಅದು ತೀರ್ಮಾನ ಮಾಡುತ್ತದೆ. ಮೂರು ಬದಲಾವಣೆಗೆ ಹತ್ತು ಹತ್ತು ನಿಮಿಷ ಅಂದರೆ ಅಲ್ಲೇ ಅರ್ಧ ಗಂಟೆ ಹೋಯಿತು.

ಪ್ರಶ್ನೆ: ಊರಿನ ಮಧ್ಯಕ್ಕೆ ಹೋಗುವ ಮೆಟ್ರೋ ಇದೆಯಲ್ಲ, ಸುತ್ತು ಹಾಕುವ ರೈಲಿಗೆ ಅಷ್ಟು ಜನ ಎಲ್ಲಿಂದ ಬರುತ್ತಾರೆ? (ನಿವೃತ್ತ ಶಿಕ್ಷಕ, ರಾಜಾಜಿನಗರ)

ಸರ್, ಒಂದು ಸಂಜೆ ಆರೂವರೆಗೆ ಮಾರತಹಳ್ಳಿ ಸೇತುವೆ ಹತ್ತಿರದ ಬಸ್ ಸ್ಟಾಪಿನಲ್ಲಿ ಹದಿನೈದು ನಿಮಿಷ ನಿಂತು ನೋಡಿ. 500ಡಿ ಬರುತ್ತದೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ ಬಸ್ಸು. ಬಸ್ಸು ನಿಲ್ಲುವ ಮೊದಲೇ ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಜನ ಓಡುತ್ತಾರೆ. ಕಂಡಕ್ಟರು ಬಾಗಿಲಿನಲ್ಲಿ ನೇತಾಡುತ್ತಾ "ಅಗರ, ಸಿಲ್ಕ್ ಬೋರ್ಡ್, ಒಳಗೆ ಹೋಗಿ, ಒಳಗೆ ಹೋಗಿ" ಅಂತ ಕೂಗುತ್ತಾರೆ. ಅರ್ಧ ಜನ ಹತ್ತುತ್ತಾರೆ, ಉಳಿದ ಅರ್ಧ ಮುಂದಿನ ಬಸ್ಸಿಗೆ ಕಾಯುತ್ತಾರೆ. ಅವರಲ್ಲಿ ಒಬ್ಬರಿಗೂ ಮೆಜೆಸ್ಟಿಕ್ಕಿಗೆ ಹೋಗುವ ಕೆಲಸ ಇರುವುದಿಲ್ಲ. ಮನೆ ಒಂದು ಅಂಚಿನಲ್ಲಿ, ಕೆಲಸ ಇನ್ನೊಂದು ಅಂಚಿನಲ್ಲಿ. ನಮ್ಮ ಊರು ಬೆಳೆದದ್ದೇ ಹೀಗೆ ಅಲ್ವಾ? ವರ್ತುಲ ರೈಲು ಹತ್ತುವವರು ಇವರೇ.

ಇನ್ನೊಂದು ಕಡೆಯಿಂದಲೂ ನೋಡಬೇಕು. ವರ್ತುಲ ಇಲ್ಲದಿದ್ದರೆ ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗುವವರೂ ಮೆಜೆಸ್ಟಿಕ್ಕಿಗೇ ಬಂದು ಹಸಿರು ಮಾರ್ಗದಿಂದ ನೇರಳೆಗೆ ಬದಲಾಯಿಸಬೇಕು. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿನ ಎಸ್ಕಲೇಟರ್ ಬುಡದಲ್ಲಿ ನಿಂತವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಜನರಲ್ಲಿ ಎಷ್ಟೋ ಮಂದಿಗೆ ಅಲ್ಲಿ ಯಾವ ಕೆಲಸವೂ ಇಲ್ಲ, ಬೇರೆ ದಾರಿ ಇಲ್ಲದೆ ಸುಮ್ನೆ ಅಲ್ಲಿಗೆ ಬಂದಿರುತ್ತಾರೆ.

ಪ್ರಶ್ನೆ: ನಾನು ಎಂಟು ವರ್ಷ ದಿಲ್ಲಿಯಲ್ಲಿದ್ದೆ. ಅಲ್ಲಿ ರಿಂಗ್ ರೈಲ್ವೆ ಇದೆ, ಜನ ಮಾತ್ರ ಹತ್ತುವುದಿಲ್ಲ. ನಮ್ಮದೂ ಹಾಗೇ ಆಗುವುದಿಲ್ಲ ಅಂತ ಏನು ಗ್ಯಾರಂಟಿ? (ಓದುಗರು, ಹುಬ್ಬಳ್ಳಿ)

ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮದು. ದಿಲ್ಲಿಯ ರಿಂಗ್ ರೈಲ್ವೆ 1975ರಲ್ಲಿ ಆಯಿತು, ಸುಮಾರು 35 ಕಿ.ಮೀ. ಗೂಡ್ಸ್ ರೈಲುಗಳು ಊರಿನ ಮಧ್ಯದ ಸ್ಟೇಷನ್ನುಗಳಿಗೆ ನುಗ್ಗದೆ ಸುತ್ತಿ ಹೋಗಲಿ ಅಂತ ಹಾಕಿದ ಹಳಿ ಅದು. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಪ್ರಯಾಣಿಕರ ರೈಲುಗಳನ್ನು ಹೆಚ್ಚಿಸಿದರು. ಆದರೆ ಸ್ಟೇಷನ್ನಿನಿಂದ ಹೊರಗೆ ಬಂದರೆ ಬಸ್ಸಿಲ್ಲ, ದಾರಿ ಸರಿಯಿಲ್ಲ, ಆಮೇಲೆ ಬಂದ ಮೆಟ್ರೋ ಕೂಡ ಬಹಳ ಕಡೆ ದೂರವೇ ಉಳಿಯಿತು. ರೈಲೂ ಅಪರೂಪ. ಒಂದು ತಪ್ಪಿದರೆ ಎಷ್ಟು ಹೊತ್ತು ಕಾಯಬೇಕೋ ಗೊತ್ತಿಲ್ಲ ಅಂದ ಮೇಲೆ ದಿನಾ ಕೆಲಸಕ್ಕೆ ಹೋಗುವವರು ಅದನ್ನು ನಂಬುವುದು ಹೇಗೆ?

ಟೋಕಿಯೋದ ಯಮಾನೋಟೆ ಮಾರ್ಗವೂ ಹೆಚ್ಚು ಕಡಿಮೆ ಅಷ್ಟೇ ಉದ್ದ, 34.5 ಕಿ.ಮೀ., 30 ಸ್ಟೇಷನ್. 1925ರಲ್ಲಿ ಪೂರ್ತಿ ವರ್ತುಲವಾಯಿತು. ಇವತ್ತು ದಟ್ಟಣೆಯ ಹೊತ್ತಿನಲ್ಲಿ ಮೂರು ನಾಲ್ಕು ನಿಮಿಷಕ್ಕೊಂದು ರೈಲು. ಹೊರವಲಯದಿಂದ ಬರುವ ಖಾಸಗಿ ರೈಲುಗಳು ಶಿಂಜುಕು, ಶಿಬುಯಾ, ಇಕೆಬುಕುರೋ ಸ್ಟೇಷನ್ನುಗಳಲ್ಲಿ ಈ ವರ್ತುಲಕ್ಕೇ ಬಂದು ಕೂಡುತ್ತವೆ, ಜನ ಇಳಿದು ಅಲ್ಲೇ ಹತ್ತುತ್ತಾರೆ. ಆ ಸ್ಟೇಷನ್ನುಗಳ ಸುತ್ತಲೇ ಊರಿನ ದೊಡ್ಡ ಪೇಟೆಗಳು ಬೆಳೆದವು. ಉದ್ದ ಒಂದೇ, ಆಕಾರ ಒಂದೇ. ಒಂದರಲ್ಲಿ ಕಾಲಿಡಲು ಜಾಗವಿಲ್ಲ, ಇನ್ನೊಂದು ಖಾಲಿ. ವ್ಯತ್ಯಾಸ ಪೂರ್ತಿ ಇರುವುದು ಕೂಡುವ ಜಾಗಗಳಲ್ಲಿ.

ಅದಕ್ಕೇ ನನಗೆ ಹೆಬ್ಬಾಳದ ಚಿಂತೆ. ಕಿತ್ತಳೆ ಮೆಟ್ರೋ, ನೀಲಿ ಮೆಟ್ರೋ, ಉಪನಗರ ರೈಲಿನ ಮಲ್ಲಿಗೆ ಮಾರ್ಗ, ಮೇಲ್ಸೇತುವೆ ಕೆಳಗಿನ ಬಸ್ಸುಗಳು ಎಲ್ಲವೂ ಆ ಸುತ್ತಿನಲ್ಲೇ ಬರಬೇಕು. ಕಳೆದ ತಿಂಗಳು ನಾನು ಈಗಿನ ರೈಲ್ವೆ ಸ್ಟೇಷನ್ನಿನಿಂದ ಬಸ್ ಸ್ಟಾಪಿಗೆ ಗಡಿಯಾರ ನೋಡಿಕೊಂಡು ನಡೆದೆ. ಹದಿನಾಲ್ಕು ನಿಮಿಷ ಆಯಿತು. ಫುಟ್‌ಪಾತು ಎರಡು ಕಡೆ ತುಂಡಾಗಿ ರಸ್ತೆಗೆ ಇಳಿಯಬೇಕಾಯಿತು. ನನ್ನ ಮುಂದೆ ಒಬ್ಬ ಅಜ್ಜಿ ಹೂವಿನ ಬುಟ್ಟಿ ಹೊತ್ತಿದ್ದರು, ಪ್ರತಿ ಸಲ ಇಳಿಯುವ ಮೊದಲು ನಿಂತು, ಪಕ್ಕದವರ ಕೈ ಹಿಡಿದು ಇಳಿಯುತ್ತಿದ್ದರು. ಈ ಎಲ್ಲ ಮಾರ್ಗಗಳ ನಡುವೆ ಒಂದೇ ಸೂರಿನ ಕೆಳಗೆ, ಮಳೆಯಲ್ಲಿ ನೆನೆಯದೆ, ಬುಟ್ಟಿ ಹೊತ್ತು ನಡೆಯುವ ಹಾಗೆ ದಾರಿ ಮಾಡಿದರೆ ವರ್ತುಲ ಗೆದ್ದ ಹಾಗೆ. ಸ್ಟೇಷನ್ ಕಟ್ಟಿ ಮುಗಿದ ಮೇಲೆ ಸೇತುವೆ ಅಂಟಿಸುತ್ತೇವೆ ಅಂದರೆ ಆಗುವುದಿಲ್ಲ. ಕಂಬ ಎಲ್ಲಿ ಬರುತ್ತದೆ ಅಂತ ತೀರ್ಮಾನ ಆಗುವ ದಿನವೇ ಅದೂ ತೀರ್ಮಾನ ಆಗಬೇಕು.

ಪ್ರಶ್ನೆ: ವರ್ತುಲ ಅಂದ ಮೇಲೆ ರೈಲು ನಿಲ್ಲದೆ ಸುತ್ತುತ್ತಲೇ ಇರಬಹುದಲ್ಲ, ಮಧ್ಯ ಯಾಕೆ ತುಂಡು ಮಾಡುತ್ತಾರೆ? (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಒಳ್ಳೇ ಪ್ರಶ್ನೆ ಕಣಪ್ಪ. ಮಾಮೂಲಿ ಮಾರ್ಗದಲ್ಲಿ ರೈಲು ಕೊನೇ ಸ್ಟೇಷನ್ ಮುಟ್ಟಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಐದು ನಿಮಿಷ ತಡವಾಗಿದ್ದರೆ ಅಲ್ಲಿ ಸರಿಹೋಗುತ್ತದೆ, ಡ್ರೈವರು ಬದಲಾಗುತ್ತಾರೆ, ಬೋಗಿ ಗುಡಿಸುತ್ತಾರೆ. ವರ್ತುಲಕ್ಕೆ ಕೊನೆಯೇ ಇಲ್ಲ. ಒಂದು ಕಡೆ ಆದ ತಡ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬರುತ್ತದೆ, ಹಿಂದಿನ ರೈಲುಗಳನ್ನೂ ತಡ ಮಾಡಿಸುತ್ತದೆ. ಲಂಡನ್ನಿನ ಸರ್ಕಲ್ ಲೈನು 1884ರಲ್ಲಿ ಪೂರ್ತಿ ವರ್ತುಲವಾಗಿ, 2009ರ ಡಿಸೆಂಬರ್‌ವರೆಗೂ ಹಾಗೇ ಓಡಿತು. ಬೇರೆ ಮಾರ್ಗಗಳ ಜತೆ ಹಳಿ ಹಂಚಿಕೊಂಡಿದ್ದರಿಂದ ಪೇಚಾಟ ಇನ್ನೂ ಜಾಸ್ತಿ. ಕೊನೆಗೆ ಅದಕ್ಕೊಂದು ಬಾಲ ಜೋಡಿಸಿ ಹ್ಯಾಮರ್‌ಸ್ಮಿತ್‌ನಲ್ಲಿ ಶುರು ಮಾಡಿ, ಊರು ಸುತ್ತಿ ಎಜ್‌ವೇರ್ ರೋಡಿನಲ್ಲಿ ಮುಗಿಸಿದರು. ಹೆಸರು ಮಾತ್ರ ಸರ್ಕಲ್ ಲೈನ್ ಅಂತಲೇ ಉಳಿಯಿತು.

ಯಮಾನೋಟೆ ಹೇಗೆ ಸುತ್ತುತ್ತದೆ ಅಂದರೆ, ಅದಕ್ಕೆ ತನ್ನದೇ ಹಳಿ ಇದೆ, ಬೇರೆ ರೈಲು ನಡುವೆ ಬರುವುದಿಲ್ಲ. ನಮ್ಮ ನೀಲಿ, ಕಿತ್ತಳೆ ಎರಡೂ ಬೇರೆ ಬೇರೆ ಮಾರ್ಗವಾಗಿಯೇ ಇರುವುದು ಓಡಿಸುವ ದೃಷ್ಟಿಯಿಂದ ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ. ಪ್ರಯಾಣಿಕರಿಗೆ ವರ್ತುಲ ಸಿಗಬೇಕು, ರೈಲೇ ಸುತ್ತಬೇಕು ಅಂತೇನಿಲ್ಲ.

ಪ್ರಶ್ನೆ: ನಮ್ಮದು ಮಾಲೂರು ತಾಲ್ಲೂಕು, ಎರಡು ಎಕರೆ ಹತ್ತು ಗುಂಟೆ, ಟೊಮೆಟೊ ಬೆಳೆಯುತ್ತೇವೆ. ವರ್ತುಲ ರೈಲಿಗೆ ಜಮೀನು ಹೋಗುತ್ತದೆ ಅಂತ ಊರಲ್ಲೆಲ್ಲ ಮಾತು. ಅಣ್ಣ, ಈಗ ನಾವು ಏನು ಮಾಡಬೇಕು? (ರೈತ)

ತಮ್ಮಾ, ಮೊದಲು ಒಂದು ಮಾತು. ಸಮೀಕ್ಷೆ ಮಾಡುವುದು ಬೇರೆ, ಅಧಿಸೂಚನೆ ಬೇರೆ. ನಿಮ್ಮ ಸರ್ವೆ ನಂಬರು ಅಧಿಸೂಚನೆಯಲ್ಲಿ ಬರುವ ತನಕ ಯಾರೋ ಕಾರಿನಲ್ಲಿ ಬಂದು "ಈಗಲೇ ಮಾರಿಬಿಡಿ, ಆಮೇಲೆ ಏನೂ ಸಿಗಲ್ಲ" ಅಂದರೆ ನಂಬಬೇಡಿ.

ಎರಡನೆಯದು ಪಹಣಿ, ಅಂದರೆ ಜಮೀನಿನ ದಾಖಲೆ. ಅದು ಯಾರ ಹೆಸರಿನಲ್ಲಿದೆ ಅಂತ ಇವತ್ತೇ ತೆಗೆಸಿ ನೋಡಿ. ತೀರಿಹೋದ ಅಪ್ಪನ, ತಾತನ ಹೆಸರಿದ್ದರೆ ಪೌತಿ ಖಾತೆ ಮಾಡಿಸಿ ವಾರಸುದಾರರ ಹೆಸರಿಗೆ ತಂದುಕೊಳ್ಳಿ. ಅಣ್ಣತಮ್ಮಂದಿರ ಭಾಗ ಬಾಯಿಮಾತಿನಲ್ಲೇ ಇದ್ದರೆ ಪೋಡಿ ಮಾಡಿಸಿ, ಅಂದರೆ ಅಳತೆ ಮಾಡಿಸಿ ಭಾಗಗಳನ್ನು ದಾಖಲೆಯಲ್ಲಿ ಬೇರೆ ಮಾಡಿಸಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಮನೆಯ ಜಮೀನು ಒಂದು ರಸ್ತೆಗೆ ಹೋದಾಗ ಪಹಣಿ ನಮ್ಮ ತಾತನ ಹೆಸರಿನಲ್ಲೇ ಇತ್ತು. ಪರಿಹಾರದ ಹಣ ಆರು ವರ್ಷ ಸಿಗಲಿಲ್ಲ. ನಮ್ಮ ದೊಡ್ಡಪ್ಪ ಆ ಹಣ ನೋಡದೆಯೇ ಹೋದರು.

ಪರಿಹಾರದ ಲೆಕ್ಕ 2013ರ ಭೂಸ್ವಾಧೀನ ಕಾಯ್ದೆಯಲ್ಲಿದೆ. ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ಒಂದು, ಹಿಂದಿನ ಮೂರು ವರ್ಷ ಅಕ್ಕಪಕ್ಕದಲ್ಲಿ ನೋಂದಣಿಯಾದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ಆರಿಸಿ ತೆಗೆದ ಸರಾಸರಿ ಬೆಲೆ ಇನ್ನೊಂದು, ಎರಡರಲ್ಲಿ ಹೆಚ್ಚಿನದು ಲೆಕ್ಕಕ್ಕೆ ಬರುತ್ತದೆ. ಹಳ್ಳಿ ಕಡೆ ಅದನ್ನು ಒಂದರಿಂದ ಎರಡು ಪಟ್ಟಿನವರೆಗೆ ಗುಣಿಸುತ್ತಾರೆ. ಮರ, ಬಾವಿ, ಕಟ್ಟಡದ ಬೆಲೆ ಕೂಡಿಸುತ್ತಾರೆ. ಒಟ್ಟು ಮೊತ್ತದ ಮೇಲೆ ಇನ್ನೂ ನೂರಕ್ಕೆ ನೂರು ಸೇರಿಸಿ ಕೊಡಬೇಕು. ಊರಿನಲ್ಲಿ ಕ್ರಯಪತ್ರಕ್ಕೆ ಕಡಿಮೆ ಬೆಲೆ ಬರೆಸುವ ಅಭ್ಯಾಸ ಇದ್ದರೆ ಅದು ನಾಳೆ ಊರಿನವರಿಗೆಲ್ಲ ನಷ್ಟ. ಬೋರ್‌ವೆಲ್, ಪೈಪ್‌ಲೈನ್, ಮಾವಿನ ಮರ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ.

ಜಮೀನು ಪೂರ್ತಿ ಹೋಗದೆ ಮಧ್ಯದಲ್ಲಿ ಹಳಿ ಬಂದು ಎರಡು ತುಂಡಾದರೆ ಅದರ ನಷ್ಟಕ್ಕೂ ಕಾಯ್ದೆಯಲ್ಲಿ ಜಾಗ ಇದೆ, ಬರವಣಿಗೆಯಲ್ಲಿ ಕೇಳಿ. ಅಂಡರ್‌ಪಾಸ್ ಕೊಡುತ್ತೇವೆ ಅಂದರೆ ಎತ್ತರ ಎಷ್ಟು ಅಂತಲೂ ಕೇಳಿ. ಹುಲ್ಲು ತುಂಬಿದ ಟ್ರ್ಯಾಕ್ಟರು ಹಾಯಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ಸೊಂಟದವರೆಗೆ ನೀರು ನಿಂತ ರೈಲ್ವೆ ಅಂಡರ್‌ಪಾಸ್‌ಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಇನ್ನೊಂದು ನೋವಿನ ಸಂಗತಿ ನಿಮ್ಮ ಗಮನಕ್ಕೆ. ಬೆಂಗಳೂರಿನ ಪೆರಿಫೆರಲ್ ರಿಂಗ್ ರಸ್ತೆಗೆ ಅಂತ 2005ರ ಹೊತ್ತಿನಲ್ಲೇ ಜಮೀನು ಗುರುತು ಹಾಕಿದರು. ಅಲ್ಲಿಂದ ಎಷ್ಟೋ ವರ್ಷ ಆ ರೈತರು ಮಾರುವ ಹಾಗೂ ಇಲ್ಲ, ಸಾಲ ತೆಗೆಯುವ ಹಾಗೂ ಇಲ್ಲ, ಮನೆ ಕಟ್ಟುವ ಹಾಗೂ ಇಲ್ಲ ಅಂತ ಕೂತರು. ವರ್ತುಲ ರೈಲಿನ ವಿಷಯದಲ್ಲಿ ಅದು ಮತ್ತೆ ಆಗಬಾರದು. ತೆಗೆದುಕೊಳ್ಳುವುದಾದರೆ ಹೇಳಿದ ಗಡುವಿನಲ್ಲಿ ತೆಗೆದುಕೊಂಡು ಹಣ ಕೊಡಲಿ, ಬೇಡವಾದರೆ ಕೈಬಿಡಲಿ.

ಪ್ರಶ್ನೆ: ದೊಡ್ಡಬಳ್ಳಾಪುರದಿಂದ ದಿನಾ ಯಶವಂತಪುರಕ್ಕೆ ರೈಲಿನಲ್ಲಿ ಹೋಗುತ್ತೇನೆ. ವರ್ತುಲ ಹೊರಗಡೆ ಸುತ್ತುವುದಾದರೆ ನಮ್ಮಂಥವರಿಗೆ ಲಾಭ ಏನು? (ಗಾರ್ಮೆಂಟ್ಸ್ ಕೆಲಸಗಾರ್ತಿ)

ಅಕ್ಕ, ಲಾಭ ಇದೆ, ಆದರೆ ಸುತ್ತು ದಾರಿಯಲ್ಲಿ ಬರುತ್ತದೆ. ಚೆನ್ನೈ ಕಡೆಯಿಂದ ಬಂದು ಹುಬ್ಬಳ್ಳಿ ಕಡೆಗೋ ಮೈಸೂರು ಕಡೆಗೋ ಹೋಗುವ ರೈಲು ಇವತ್ತು ಬೆಂಗಳೂರಿನ ಹೊಟ್ಟೆಯೊಳಗೇ ಹಾದು ಹೋಗಬೇಕು. ಅದೇ ಹಳಿಯ ಮೇಲೆ ನಿಮ್ಮ ಪ್ಯಾಸೆಂಜರ್ ಓಡುತ್ತದೆ. ದೊಡ್ಡ ರೈಲಿಗೆ ದಾರಿ ಬಿಡಲು ನಿಮ್ಮದನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸುತ್ತಾರೆ. ಬೆಂಗಳೂರಿನಲ್ಲಿ ಕೆಲಸವಿಲ್ಲದ ಗೂಡ್ಸ್ ರೈಲುಗಳು ಮಾಲೂರಿನಲ್ಲೋ ದೊಡ್ಡಬಳ್ಳಾಪುರದಲ್ಲೋ ಹೊರಗೇ ತಿರುಗಿ ಹೋದರೆ ಒಳಗಿನ ಹಳಿ ಬಿಡುವಾಗುತ್ತದೆ. ಬಿಡುವಾದ ಹಳಿಯಲ್ಲಿ ನಿಮ್ಮ ಊರಿನ ರೈಲು ಜಾಸ್ತಿ ಓಡಬೇಕು. ಅದು ತಾನಾಗಿ ಆಗುವುದಿಲ್ಲ, ಇನ್ನಷ್ಟು ದೂರದ ರೈಲುಗಳೇ ಬಂದು ಆ ಜಾಗ ತುಂಬಿಬಿಡಬಹುದು. ಹಾಗಾಗಿ ವರ್ತುಲದ ಯೋಜನೆಯಲ್ಲೇ "ದೊಡ್ಡಬಳ್ಳಾಪುರ–ಯಶವಂತಪುರ ನಡುವೆ ಬೆಳಿಗ್ಗೆ ಸಂಜೆ ಇಷ್ಟು ನಿಮಿಷಕ್ಕೊಂದು ರೈಲು" ಅಂತ ಬರೆದಿರಬೇಕು.

148 ಕಿ.ಮೀ. ಉದ್ದದ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದರ ಕನಕ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆವರೆಗೆ ಬರುತ್ತದೆ. ಅಲ್ಲಿಂದ ನಿಮ್ಮ ಊರು ಎಷ್ಟು ದೂರ ಅಂತ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಜತೆ ದಿನಾ ಬರುವವರೆಲ್ಲ ಸೇರಿ ಒಂದು ಮನವಿ ಬರೆಯಿರಿ. ಅದರಲ್ಲಿ ಮೂರೇ ವಿಷಯ ಇರಲಿ: ಆ ಮಾರ್ಗವನ್ನು ದೊಡ್ಡಬಳ್ಳಾಪುರದವರೆಗೆ ತನ್ನಿ, ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ರೈಲು ಹೆಚ್ಚಿಸಿ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿನವರೆಗೆ ದೀಪ ಹಾಕಿಸಿ. ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಗೇ ಅಚ್ಚು ಹಾಕುತ್ತೇವೆ.